ಹೊಳೆ ಕೆಳಗೆ ಹೋಗಿದೆ

ಯುಗಾದಿ ಕಳೆದ ಮೇಲೆ ಒಂದು ರಾತ್ರಿ ಮಾವನ ಮಗ ಫೋನ್ ಮಾಡಿದ್ದ. ಊಟ ಆಯ್ತಾ, ಅಮ್ಮ ಹೇಗಿದ್ದಾರೆ, ಕ್ಯಾತ್ಸಂದ್ರದಲ್ಲಿ ಮಳೆ ಬಂತಾ ಅಂತೆಲ್ಲ ಕೇಳಿ ಕೊನೆಗೆ ವಿಷಯಕ್ಕೆ ಬಂದ. "ಭಾವಾ, ಇನ್ನೊಂದು ಬೋರು ಕೊರೆಸೋಣ ಅಂತಿದೀನಿ. ಸಾವಿರದಿನ್ನೂರು ಅಡಿ. ಲಾರಿಯವನಿಗೆ ಅಡ್ವಾನ್ಸೂ ಕೊಟ್ಟಾಯ್ತು. ನೀವೊಂದ್ಸಲ ಬಂದು ಪಾಯಿಂಟ್ ನೋಡ್ಬಿಡಿ."

ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವನೂ ಮಾತಾಡಲಿಲ್ಲ. ಇಬ್ಬರಿಗೂ 2003 ನೆನಪಾಗಿತ್ತು ಅಂತ ಕಾಣುತ್ತೆ.

ಆ 2003ರ ಕಥೆ ಹೇಳೋದಕ್ಕೆ ಮೊದಲು ಹೊಳೆಯ ಕಥೆ ಹೇಳಬೇಕು. ಹೊಳೆಯ ಕಥೆ ಹೇಳಬೇಕಾದರೆ ಬೆಟ್ಟದಿಂದ ಶುರು ಮಾಡಬೇಕು. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಕ್ಯಾತ್ಸಂದ್ರ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಎರಡೇ. ಒಂದು ಸಿದ್ಧಗಂಗಾ ಮಠ, ಇನ್ನೊಂದು ತಟ್ಟೆ ಇಡ್ಲಿ. ಬೆಂಗಳೂರಿಂದ ಹೈವೇಲಿ ಬರೋರು ಇಡ್ಲಿ ತಿಂದು, ಕೈ ತೊಳೆದು, ಕಾರು ಹತ್ತಿ ಹೊರಟುಬಿಡ್ತಾರೆ. ಹಿಂದೆ ಇರೋ ಬೆಟ್ಟದ ಕಡೆ ತಿರುಗಿ ನೋಡೋರು ಕಮ್ಮಿ. ಮಠದ ಹೆಸರಲ್ಲೇ ನೀರಿದೆ ನೋಡಿ, ಸಿದ್ಧ-ಗಂಗೆ. ಗೋಸಲ ಸಿದ್ದೇಶ್ವರರು ಬಂಡೆಯಲ್ಲಿ ಗಂಗೆ ತಂದರು ಅಂತ ಐತಿಹ್ಯ. ಅಲ್ಲಿಂದ ಸ್ವಲ್ಪ ದೂರದಲ್ಲಿ ನಾಮದ ಚಿಲುಮೆ. ರಾಮ ಹಣೆಗೆ ನಾಮ ಇಟ್ಕೊಳ್ಳೋಕೆ ನೀರಿಲ್ಲದೆ ಬಂಡೆಗೆ ಬಾಣ ಬಿಟ್ಟ, ಚಿಲುಮೆ ಎದ್ದಿತು ಅಂತ ಅಲ್ಲಿಯ ಕಥೆ. ನಮ್ಮ ಸೀಮೆಯ ದೇವರು, ಗುರುಗಳು ಎಲ್ಲ ಮಾಡಿದ ಪವಾಡ ಒಂದೇ, ಕಲ್ಲಲ್ಲಿ ನೀರು ತರಿಸೋದು! ಮಲೆನಾಡಿನ ಕಡೆ ಇಂಥ ಕಥೆ ಇಷ್ಟು ಕೇಳಿಬರಲ್ಲ. ಅಲ್ಲಿ ಅದರ ಅಗತ್ಯ ಇರಲಿಲ್ಲವೇನೋ.

ಹೈಸ್ಕೂಲಿನಲ್ಲಿದ್ದಾಗ ನಾವು ನಾಲ್ಕು ಜನ ಹುಡುಗರು ಸೈಕಲ್ ತುಳಿದುಕೊಂಡು ದೇವರಾಯನದುರ್ಗಕ್ಕೆ ಹೋಗ್ತಿದ್ವಿ. ಏರಿನಲ್ಲಿ ತಳ್ಳಿಕೊಂಡು, ಇಳಿಜಾರಿನಲ್ಲಿ ಬ್ರೇಕ್ ಇಲ್ಲದೆ. ಮೇಲೆ ಹೋದರೆ ಸುಮಾರು 3,900 ಅಡಿ ಎತ್ತರ. ದಕ್ಷಿಣಕ್ಕೆ ತಿರುಗಿ ನಿಂತರೆ ಶಿವಗಂಗೆ ಬೆಟ್ಟದ ಕಡೆ, ಉತ್ತರಕ್ಕೆ ತಿರುಗಿದರೆ ಕೊರಟಗೆರೆ, ಮಧುಗಿರಿ ಕಡೆಯ ಬೋಳು ಬಂಡೆಗಳು. ಆಗ ನಮಗೆ ಗೊತ್ತಿರಲಿಲ್ಲ, ನಾವು ಕೂತು ಕಡ್ಲೇಪುರಿ ತಿಂತಿದ್ದ ಜಾಗ ಎರಡು ನದಿಗಳನ್ನ ಬೇರೆ ಮಾಡೋ ಜಾಗ ಅಂತ. ದುರ್ಗದ ಒಂದು ಮಗ್ಗುಲಿಗೆ ಬಿದ್ದ ಮಳೆ ಶಿಂಷೆಯಾಗಿ ಗುಬ್ಬಿ, ಕುಣಿಗಲ್ ಸೀಮೆ ಹಾದು, ಮಾರ್ಕೋನಹಳ್ಳಿ ಜಲಾಶಯದಲ್ಲಿ ನಿಂತು ಸುಧಾರಿಸಿಕೊಂಡು, ಮಂಡ್ಯ ಜಿಲ್ಲೆ ದಾಟಿ ಕಾವೇರಿ ಸೇರುತ್ತೆ. ಇನ್ನೊಂದು ಮಗ್ಗುಲಿಗೆ ಬಿದ್ದದ್ದು ಜಯಮಂಗಲಿಯಾಗಿ ಕೊರಟಗೆರೆ, ಮಧುಗಿರಿ ತಾಲ್ಲೂಕು ಹಾದು ಆಂಧ್ರದ ಪರಿಗಿ ಹತ್ತಿರ ಉತ್ತರ ಪಿನಾಕಿನಿ ಸೇರುತ್ತೆ. ಪಿನಾಕಿನಿ ನಂದಿ ಬೆಟ್ಟದ ಕಡೆ ಹುಟ್ಟಿ, ಗೌರಿಬಿದನೂರು, ಹಿಂದೂಪುರ, ಅನಂತಪುರ, ಕಡಪ ಸೀಮೆ ಎಲ್ಲ ಸುತ್ತಿ, 597 ಕಿ.ಮೀ. ಹರಿದು ನೆಲ್ಲೂರಿನ ಹತ್ತಿರ ಸಮುದ್ರ ಕಾಣುತ್ತೆ. ಅಂದರೆ ಬೆಟ್ಟದ ಮೇಲೆ ಅಕ್ಕಪಕ್ಕ ಬಿದ್ದ ಎರಡು ಹನಿ ಒಂದೇ ಬಂಗಾಳ ಕೊಲ್ಲಿಗೆ ಹೋಗಿ ಸೇರುತ್ತೆ, ಆದರೆ ನೂರಾರು ಮೈಲಿ ಅಂತರದಲ್ಲಿ.

ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳನ್ನ ಎರಡು ಕಡೆ ಕೊಟ್ಟ ಹಾಗೆ. ಒಬ್ಬಳನ್ನ ಕಾವೇರಿ ಮನೆಗೆ, ಇನ್ನೊಬ್ಬಳನ್ನ ಬಯಲುಸೀಮೆಗೆ. ನಮ್ಮಮ್ಮ ಈ ಎರಡನೆಯವಳ ಕಡೆಯವರು. ಮಧುಗಿರಿ ದಾಟಿ, ಕೊಡಿಗೇನಹಳ್ಳಿ ಕಡೆ ಹೋದರೆ ಜಯಮಂಗಲಿ ದಡದಲ್ಲಿ ಅಮ್ಮನ ತವರು. ಊರ ಹೆಸರು ಬೇಡ ಬಿಡಿ, ಆ ದಡದ ಎಲ್ಲ ಊರಿನ ಕಥೆಯೂ ಹೆಚ್ಚು ಕಮ್ಮಿ ಇದೇ.

ಜಯಾ, ಮಂಗಲಿ ಅನ್ನೋ ಎರಡು ಹಳ್ಳ ಸೇರಿ ಜಯಮಂಗಲಿ ಆಯ್ತು ಅಂತ ಅಜ್ಜಿ ಹೇಳ್ತಿದ್ರು. ಹೆಸರೇನೋ ಚೆನ್ನಾಗಿದೆ. ಬೇಸಿಗೆ ರಜಕ್ಕೆ ಹೋದ ನನಗೆ ಮಾತ್ರ ಹೊಳೆ ಅಂದರೆ ಕಾಣಿಸ್ತಿದ್ದದ್ದು ಬರೀ ಮರಳು. ಈ ದಡದಿಂದ ಆ ದಡಕ್ಕೆ ಮರಳು, ಕಣ್ಣು ಕುಕ್ಕೋ ಹಾಗೆ. ಮಧ್ಯಾಹ್ನ ಬರಿಗಾಲಲ್ಲಿ ದಾಟೋಕಾಗ್ತಿರಲಿಲ್ಲ. "ತಾತಾ, ಹೊಳೇಲಿ ನೀರೇ ಇಲ್ಲ" ಅಂದರೆ ತಾತ ನಗ್ತಿದ್ರು. ಅವರ ಬಾಯಲ್ಲಿ ಹೊಳೆ ಬತ್ತಿದೆ ಅನ್ನೋ ಮಾತು ನಾನು ಕೇಳೇ ಇಲ್ಲ. "ಹೊಳೆ ಕೆಳಗೆ ಹೋಗಿದೆ" ಅಂತಿದ್ರು. ನಮ್ಮ ಮಾವ ಹೊಲಕ್ಕೆ ಹೋಗಿದಾನೆ, ಅಜ್ಜಿ ನೀರಿಗೆ ಹೋಗಿದಾಳೆ ಅನ್ನೋ ಹಾಗೆ.

ಒಂದು ದಿನ ಕರ್ಕೊಂಡು ಹೋಗಿ ತೋರಿಸಿದ್ರು. ಮರಳಲ್ಲಿ ಕೈಯಿಂದಲೇ ಗುಂಡಿ ತೋಡಿದ್ರು. ಮೊಣಕೈಯಷ್ಟು ಆಳಕ್ಕೆ ಮರಳು ತಣ್ಣಗಾಯ್ತು. ಇನ್ನೂ ಸ್ವಲ್ಪ ತೋಡಿದಾಗ ಬಣ್ಣ ಕಪ್ಪಗಾಯ್ತು. ತೋಳಿನಷ್ಟು ಆಳಕ್ಕೆ ಬಂದಾಗ ತಳದಲ್ಲಿ ನೀರು ಜಿನುಗಿ, ಮೊದಲು ಕದಡಾಗಿ, ಆಮೇಲೆ ತಿಳಿಯಾಗಿ ನಿಂತಿತು. ಬೊಗಸೆಯಲ್ಲಿ ಕುಡಿದೆ. ಸಿಹಿ ನೀರು. ಏಪ್ರಿಲ್ ತಿಂಗಳ ಕೊನೆ ಅದು.

ಇನ್ನೊಂದು ಆಶ್ಚರ್ಯ ತಲಪರಿಗೆ. ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ಕಡೆಯವರಿಗೆ ಬಿಟ್ಟರೆ ಬೇರೆಯವರಿಗೆ ಈ ಪದ ಗೊತ್ತಿರೋದು ಅನುಮಾನ. ರೈಸ್ ಸಾಹೇಬರ ಮೈಸೂರು ಗೆಜೆಟಿಯರ್‌ನಲ್ಲಿ ತುಮಕೂರು ಜಿಲ್ಲೆಯ ಭಾಗ ಓದಿದರೆ ಸಿಗುತ್ತೆ. ಹೊಳೆ ಮಗ್ಗುಲಲ್ಲೋ ಕೆರೆ ಹಿಂದೆಯೋ ಒರತೆ ಇರೋ ಜಾಗ ನೋಡಿ ಗುಂಡಿ ತೆಗೆದು, ಅಲ್ಲಿಂದ ಸಣ್ಣ ಕಾಲುವೆ ಮಾಡಿ ನೀರನ್ನ ಹೊಲಕ್ಕೆ ಹರಿಸೋದು. ಎತ್ತಿಲ್ಲ, ಯಾತ ಇಲ್ಲ, ಕರೆಂಟಂತೂ ಇಲ್ಲವೇ ಇಲ್ಲ. ನೀರು ತಾನಾಗಿ ಹರಿದು ಬರುತ್ತೆ! ಹೇಗೆ ಅಂತ ನನಗೆ ಎಷ್ಟೋ ವರ್ಷ ಅರ್ಥ ಆಗಿರಲಿಲ್ಲ. ಲೆಕ್ಕ ಸುಲಭ. ಹೊಳೆಗೆ ಒಂದು ಇಳಿಜಾರು ಇರುತ್ತೆ. ಕಾಲುವೆಗೆ ಅದಕ್ಕಿಂತ ಕಮ್ಮಿ ಇಳಿಜಾರು ಕೊಡ್ತಾ ಬಂದರೆ, ಮೇಲೆ ನೆಲದೊಳಗೆ ಇದ್ದ ನೀರು ಕೆಳಗೆ ಸ್ವಲ್ಪ ದೂರದಲ್ಲಿ ನೆಲದ ಮಟ್ಟಕ್ಕೇ ಬಂದುಬಿಡುತ್ತೆ. ಇರಾನಿನ ಖನಾತ್, ನಮ್ಮ ಬೀದರಿನ ಸುರಂಗ ಬಾವಿ ಎಲ್ಲ ಇದೇ ತತ್ವ. ಅವು ಸುಲ್ತಾನರ ಕೆಲಸ, ದೊಡ್ಡದು, ನೋಡೋಕೆ ಜನ ಹೋಗ್ತಾರೆ. ನಮ್ಮದು ಗುದ್ದಲಿ, ಮಂಕರಿ ಹಿಡಿದ ಹತ್ತು ಮನೆಯವರ ಕೆಲಸ. ಮನೆಗೊಬ್ಬರಂತೆ ಬಂದು ಹೂಳು ತೆಗೀಬೇಕು, ಬರದವರಿಗೆ ನೀರಿನ ಸರದಿ ಇಲ್ಲ. ತಾತನ ಪಾಲಿಗೆ ಎಂಟು ದಿನಕ್ಕೊಂದು ರಾತ್ರಿ. ಅಷ್ಟರಲ್ಲೇ ಒಂದಿಷ್ಟು ಭತ್ತ, ರಾಗಿ, ಹತ್ತು ತೆಂಗಿನ ಮರ.

ಇದೆಲ್ಲ ಯಾಕೆ ಅಂದರೆ, ಆ ಸೀಮೆಗೆ ಬೀಳೋ ಮಳೆ ವರ್ಷಕ್ಕೆ ಆರುನೂರು ಮಿಲಿಮೀಟರ್ ಆಸುಪಾಸು. ಪಶ್ಚಿಮ ಘಟ್ಟ ಮುಂಗಾರನ್ನೆಲ್ಲ ತಡೆದು ಆಗುಂಬೆಯಲ್ಲಿ ಸುರಿಸಿಕೊಂಡು ಮಿಕ್ಕಿದ್ದನ್ನ ಇತ್ತ ಕಳಿಸುತ್ತೆ. ನಮಗೆ ಬರೋ ಒಳ್ಳೆ ಮಳೆ ಸೆಪ್ಟೆಂಬರ್, ಅಕ್ಟೋಬರಿನದ್ದು. ಬಿಸಿಲಿಗೆ ಆವಿಯಾಗೋ ಶಕ್ತಿ ಇರೋದು ಬಿದ್ದ ಮಳೆಯ ಎರಡು ಪಟ್ಟಿಗಿಂತ ಹೆಚ್ಚು. ಹಾಗಾಗಿ ಇಲ್ಲಿ ನೀರನ್ನ ಬಿಸಿಲಿಗೆ ತೋರಿಸಿದರೆ ಕೆಟ್ಟಿತು. ಮರಳಿನೊಳಗೆ ಎರಡು ಮೂರು ಅಡಿ ಕೆಳಗಿಳಿದರೆ ಬಿಸಿಲಿನ ಕೈಗೆ ಸಿಗಲ್ಲ. ಹೊಳೆ ಕೆಳಗೆ ಹೋಗೋದು ಅಂದ್ರೆ ಅದು.

ಈಗ ಕಲ್ಲಿನ ವಿಷಯ. (ಇದು ನನ್ನ ಇಷ್ಟದ ವಿಷಯ. ಬಿ.ಎಸ್ಸಿ., ಎಂ.ಎಸ್ಸಿ. ಎರಡೂ ಭೂವಿಜ್ಞಾನ ಓದಿ ಈಗ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡ್ತಿರೋ ಮಹಾನುಭಾವ ನಾನು :) )

ಬೆಂಗಳೂರಿನ ಲಾಲ್‌ಬಾಗ್ ಬಂಡೆ ಮೇಲೆ ಹತ್ತಿರ್ತೀರಿ. ಅದು ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಅನ್ನೋ ಕಲ್ಲು, 1975ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಣೆ ಆಯ್ತು. ದಕ್ಷಿಣ ಕರ್ನಾಟಕದ ಬಹುಪಾಲು ನೆಲದ ತಳಪಾಯ ಇದೇ. ಈ ತಳಪಾಯ ಸೀಳಿಕೊಂಡು ಸುಮಾರು 250 ಕೋಟಿ ವರ್ಷದ ಹಿಂದೆ ಕೆಳಗಿಂದ ಕರಗಿದ ಕಲ್ಲು ಮೇಲೆ ಬಂತು. ಬಂದು ನೆಲದ ಮೇಲೆ ಉಕ್ಕಲಿಲ್ಲ, ಆಳದಲ್ಲೇ ನಿಧಾನವಾಗಿ ಆರಿ ಗಟ್ಟಿಯಾಯ್ತು. ನಿಧಾನವಾಗಿ ಆರಿದ್ದಕ್ಕೇ ಅದರ ಹರಳುಗಳು ದಪ್ಪ, ಕೆಲವು ಕಡೆ ಹೆಬ್ಬೆರಳಿನಷ್ಟು ಗುಲಾಬಿ ಬಣ್ಣದ ಫೆಲ್ಡ್‌ಸ್ಪಾರ್. ಮೇಲಿನ ಹೊದಿಕೆ ಕೋಟ್ಯಂತರ ವರ್ಷದಲ್ಲಿ ಸವೆದು ಹೋಗಿ ಈಗ ಬೆಟ್ಟವಾಗಿ ಕಾಣ್ತಿದೆ. ರಾಮನಗರ, ಸಾವನದುರ್ಗ, ಶಿವಗಂಗೆ, ದೇವರಾಯನದುರ್ಗ, ಮಧುಗಿರಿ, ಪಾವಗಡ... ಬಸ್ಸಲ್ಲಿ ಹೋಗೋವಾಗ ಬೇರೆ ಬೇರೆ ಬೆಟ್ಟ ಅನ್ನಿಸುತ್ತೆ. ಒಳಗೆ ಒಂದೇ ಪಟ್ಟೆ, ದಕ್ಷಿಣದಿಂದ ಉತ್ತರಕ್ಕೆ ಸುಮಾರು 400 ಕಿ.ಮೀ. ಉದ್ದ, ಇಪ್ಪತ್ತು ಕಿ.ಮೀ. ಆಸುಪಾಸು ಅಗಲ. ಕ್ಲೋಸ್‌ಪೇಟ್ ಗ್ರಾನೈಟ್ ಅಂತ ಹೆಸರು. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಅಂತಿದ್ರಲ್ಲ, ಅದರಿಂದ ಬಂದದ್ದು. ಗಬ್ಬರ್ ಸಿಂಗ್ ಕೂತಿದ್ದೂ ಇದೇ ಕಲ್ಲಿನ ಮೇಲೆ, ನಾವು ಕಡ್ಲೇಪುರಿ ತಿಂದದ್ದೂ ಇದೇ ಕಲ್ಲಿನ ಮೇಲೆ.

ಗ್ರಾನೈಟ್‌ನಲ್ಲಿ ಒಂದು ಕಷ್ಟ ಇದೆ. ಹರಳಿಗೆ ಹರಳು ಬೆಸೆದುಕೊಂಡಿರುತ್ತೆ, ನಡುವೆ ಜಾಗವೇ ಇಲ್ಲ. ನೀರು ಹೀರಲ್ಲ. ಹಾಗಾದ್ರೆ ನೀರು ಎಲ್ಲಿರುತ್ತೆ? ಮೇಲಿನ ಐವತ್ತು ಅರವತ್ತು ಅಡಿ, ಕೆಲವು ಕಡೆ ನೂರು ಅಡಿವರೆಗೆ ಕಲ್ಲು ಕೊಳೆತಿರುತ್ತೆ. ಮಳೆ, ಬಿಸಿಲು, ಬೇರು ಎಲ್ಲ ಸೇರಿ ಅದನ್ನ ಸಡಿಲ ಮಾಡಿ ಗರಸು ಮಾಡಿರುತ್ತೆ. ಫೆಲ್ಡ್‌ಸ್ಪಾರ್ ಜೇಡಿ ಆಗುತ್ತೆ, ಬಿಳಿಕಲ್ಲಿನ ಹರಳು ಮರಳಾಗಿ ಉಳಿಯುತ್ತೆ. ನಮ್ಮ ತೆರೆದ ಬಾವಿಗಳೆಲ್ಲ ಇದ್ದದ್ದು ಈ ಗರಸಿನಲ್ಲಿ. ಅದರ ಕೆಳಗೆ ಇಡೀ ಕಲ್ಲು. ಅಲ್ಲಿ ಬಿರುಕು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಬೋರ್‌ವೆಲ್‌ನವರು ಗ್ಯಾಪ್ ಅಂತಾರೆ. ಆರೂವರೆ ಇಂಚಿನ ತೂತು ಆ ಗ್ಯಾಪನ್ನ ಮುಟ್ಟಿದರೆ ನೀರು, ಒಂದು ಮಾರು ಆಚೆ ಹೋದರೆ ಬರೀ ಧೂಳು. ಆಳಕ್ಕೆ ಹೋದಷ್ಟೂ ಮೇಲಿನ ಕಲ್ಲಿನ ಭಾರಕ್ಕೆ ಬಿರುಕುಗಳೂ ಮುಚ್ಚಿಕೊಳ್ತಾ ಹೋಗುತ್ತವೆ.

ಇನ್ನು ಆ ಮರಳು. ಬೆಟ್ಟ ಸವೆದು ಬಂದ ಹರಳೇ ಅದು. ಜಯಮಂಗಲಿಯ ಮರಳನ್ನ ಅಂಗೈಲಿ ಹಿಡಿದು ನೋಡಿದರೆ ಬಿಳಿ ಹರಳಿನ ಜೊತೆ ಇನ್ನೂ ಕೊಳೆಯದ ಗುಲಾಬಿ ಚೂರುಗಳೂ ಸಿಗುತ್ತವೆ. ಎಷ್ಟು ಸಾವಿರ ವರ್ಷದ ಪ್ರವಾಹ ಅದನ್ನ ತಂದು ಹಾಸಿತೋ. ಕಲ್ಲಿನ ಬಿರುಕಿನಲ್ಲಿ ನೂರಕ್ಕೆ ಒಂದೆರಡು ಪಾಲು ನೀರು ಹಿಡಿದರೆ ಹೆಚ್ಚು, ಮರಳು ನೂರಕ್ಕೆ ಇಪ್ಪತ್ತು ಪಾಲು ನೀರು ಹಿಡಿದು ವಾಪಸ್ ಕೊಡುತ್ತೆ. ಒಂದು ಲೆಕ್ಕ ಹಾಕಿ. ನೂರು ಮೀಟರ್ ಅಗಲದ ಹೊಳೆ, ಹತ್ತಡಿ ಮರಳು, ಒಂದು ಕಿಲೋಮೀಟರ್ ಉದ್ದ. ಆರು ಕೋಟಿ ಲೀಟರ್ ನೀರು! ಬೇಸಿಗೆಯಲ್ಲಿ ಬೀದಿಗೆ ಬರೋ ಆರು ಸಾವಿರ ಲೀಟರಿನ ಟ್ಯಾಂಕರ್ ಹತ್ತು ಸಾವಿರ ಆಯ್ತು. ಆಣೆಕಟ್ಟು ಯಾರೂ ಕಟ್ಟಿರಲಿಲ್ಲ. ಹೊಳೆ ತಾನೇ ಕಟ್ಟಿಕೊಂಡಿತ್ತು. ಕೀನ್ಯಾದ ಮಚಾಕೋಸ್ ಕಡೆ ಜನ ಹೊಳೆಗೆ ಅಡ್ಡ ಗೋಡೆ ಕಟ್ಟಿ ಬೇಕಂತಲೇ ಮರಳು ತುಂಬಿಸ್ತಾರೆ, ಅದರೊಳಗೆ ನೀರು ಕೂಡಿಡೋಕೆ. ನಾವು ತುಂಬಿದ್ದನ್ನ ಮಾರಿಕೊಂಡ್ವಿ.

ತೊಂಬತ್ತರ ದಶಕದ ಕೊನೆಯಲ್ಲಿ ಲಾರಿಗಳು ಬರೋಕೆ ಶುರು ಆದವು. ಬೆಂಗಳೂರು ಬೆಳೀತಿತ್ತು. ಮೊದಮೊದಲು ಹಗಲು, ಆಮೇಲೆ ರಾತ್ರಿ. ಮಾವನ ಮನೆ ಜಗಲಿಯಲ್ಲಿ ಮಲಗಿದರೆ ರಾತ್ರಿಯೆಲ್ಲ ಗೇರ್ ಬದಲಾಯಿಸೋ ಸದ್ದು. ಊರಿನ ಹುಡುಗರಿಗೆ ಲೋಡಿಂಗ್ ಕೆಲಸ, ಕೈಲಿ ದುಡ್ಡು. ಯಾರನ್ನ ಬಯ್ಯೋಣ? ಒಂದು ಲಾರಿಗೆ ಹತ್ತು ಘನ ಮೀಟರ್ ಅಂತ ಇಟ್ಟುಕೊಂಡರೂ, ಲಾರಿಗೆ ಎರಡು ಸಾವಿರ ಲೀಟರ್ ನೀರು ಇರೋ ಜಾಗ ಹೋಯ್ತು. ಒಂದು ವರ್ಷಕ್ಕಲ್ಲ, ಪ್ರತಿ ವರ್ಷಕ್ಕೂ. ನಾನೂ ಆಗ ಕ್ಯಾತ್ಸಂದ್ರದಲ್ಲಿ ಮನೆ ಮೇಲೆ ಒಂದು ರೂಮು ಕಟ್ಟಿಸ್ತಿದ್ದೆ. ಮರಳು ಎಲ್ಲಿಂದ ಬಂತು ಅಂತ ಮೇಸ್ತ್ರಿಯನ್ನ ಕೇಳಲಿಲ್ಲ. ಕೇಳಬಾರದು ಅಂತಲೇ ಕೇಳಲಿಲ್ಲವೋ ಏನೋ.

ಈಗ 2003. ಕರ್ನಾಟಕಕ್ಕೆ ಅದು ಸತತ ಮೂರನೇ ಬರದ ವರ್ಷ. ತಲಪರಿಗೆ ಅಷ್ಟರಲ್ಲಿ ನಿಂತೇ ಹೋಗಿತ್ತು. ಹೊಳೆ ತಳ ಆಳಕ್ಕೆ ಇಳಿದ ಮೇಲೆ ಕಾಲುವೆ ಬಾಯಿ ಗಾಳಿಯಲ್ಲಿ ತೇಲ್ತಿತ್ತು, ನೀರು ಅದರ ಕೆಳಗೆಲ್ಲೋ. ತೆರೆದ ಬಾವಿಯೂ ಒಣಗಿತ್ತು. ಮಾವ ಬೋರ್ ಕೊರೆಸೋ ಯೋಚನೆ ಮಾಡಿದ್ರು. ಊರಲ್ಲಿ ಕಾಯಿ ಹಿಡಿದು ನೀರು ನೋಡೋರು ಇದ್ರು, ಹೊಂಗೆ ಕಡ್ಡಿ ಹಿಡಿಯೋರೂ ಇದ್ರು. ಮಾವ ಎಲ್ಲರಿಗೂ ಹೇಳಿದ್ರು, "ನಮ್ಮ ಅಳಿಯಂದಿರು ಅದನ್ನೇ ಓದಿದಾರೆ. ಮಿಷಿನ್ ತಂದು ನೋಡ್ತಾರೆ."

ತಂದೆ. ನೆಲಕ್ಕೆ ನಾಲ್ಕು ಕಬ್ಬಿಣದ ಸಲಾಕೆ ಹೊಡೆದು, ಹೊರಗಿನ ಎರಡರಲ್ಲಿ ಕರೆಂಟ್ ಬಿಟ್ಟು, ಒಳಗಿನ ಎರಡರ ನಡುವೆ ಎಷ್ಟು ತಡೆ ಬರುತ್ತೆ ಅಂತ ನೋಡೋ ಯಂತ್ರ ಅದು. ಒಣ ಕಲ್ಲು ಹೆಚ್ಚು ತಡೆ ಕೊಡುತ್ತೆ, ನೀರಿರೋ ಜಾಗ ಕಮ್ಮಿ. ಇಡೀ ದಿನ ಬಿಸಿಲಲ್ಲಿ ವೈರ್ ಎಳೆದು ಎಳೆದು ನೋಡಿದೆ. ಹೊಲದ ಮೂಲೆಯಲ್ಲಿ ಒಂದು ಕರಿಕಲ್ಲಿನ ಪಟ್ಟೆ ನೆಲದಿಂದ ಸ್ವಲ್ಪ ಎದ್ದಿತ್ತು. ಗ್ರಾನೈಟ್ ಸೀಳಿಕೊಂಡು ಗೋಡೆ ಹಾಗೆ ನಿಂತ ಕಲ್ಲು ಅದು, ನೆಲದೊಳಗಿನ ನೀರಿಗೆ ಅಡ್ಡಗಟ್ಟೆ ಹಾಗೆ. ಅದರ ಮೇಲ್ಮಗ್ಗುಲಲ್ಲಿ ನೀರು ನಿಲ್ಲುತ್ತೆ ಅಂತ ಪುಸ್ತಕದಲ್ಲಿ ಇದೆ, ಎಷ್ಟೋ ಕಡೆ ನಿಜವೂ ಹೌದು. ಅಲ್ಲೇ ಎಪ್ಪತ್ತು ಅಡಿ ಆಳಕ್ಕೆ ಯಂತ್ರದ ಮುಳ್ಳು ಇಳೀತು. ನನಗೆ ಎಂಥ ಖುಷಿ! ಗೂಟ ಹೊಡೆದೆ. ಅತ್ತೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದ್ರು. ಅತ್ತೆಯ ಸರ ಅಡ ಇಟ್ಟ ದುಡ್ಡು ಅದು ಅಂತ ನನಗೆ ಆಮೇಲೆ ಗೊತ್ತಾಯ್ತು.

ಎಪ್ಪತ್ತು ಅಡಿಗೆ ಬಂದದ್ದು ಜೇಡಿ. ಒದ್ದೆ ಇತ್ತು, ನೀರಿರಲಿಲ್ಲ. ಜೇಡಿಯೂ ನೀರಿನ ಹಾಗೇ ಕಮ್ಮಿ ತಡೆ ತೋರಿಸುತ್ತೆ. ಇದೂ ಪುಸ್ತಕದಲ್ಲೇ ಇತ್ತು, ನಾನೇ ಓದಿ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೆ. ಜೇಡಿ ದಾಟಿದ ಮೇಲೆ ಇಡೀ ಕಲ್ಲು. ಇನ್ನೂರು, ಮುನ್ನೂರು, ನಾನೂರು... ಬೆಳಗಿನ ಜಾವ ಮೂರು ಗಂಟೆಗೆ ಐನೂರ ನಲವತ್ತು ಅಡಿಗೆ ನಿಲ್ಲಿಸಿದ್ರು. ಬಿಳೀ ಹಿಟ್ಟು ಹಾರಿ ಮಾವನ ಮೈ, ಮೀಸೆ, ಹುಬ್ಬು ಎಲ್ಲ ಬೆಳ್ಳಗೆ. ಒಂದು ಮಾತೂ ಬಯ್ಯಲಿಲ್ಲ. "ಇದ್ರೆ ತಾನೆ ನೀನು ತೋರ್ಸೋದು" ಅಂದು ಟವೆಲ್ ಒದರಿ ಮುಖ ಒರೆಸಿಕೊಂಡ್ರು.

ಅವತ್ತು ಬಯ್ದಿದ್ರೆ ಚೆನ್ನಾಗಿರ್ತಿತ್ತು. ಆ ವರ್ಷವೇ ಮಾವ ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಸೇರಿಕೊಂಡ್ರು. ಹನ್ನೆರಡು ವರ್ಷ ಯಾರದ್ದೋ ಅಪಾರ್ಟ್‌ಮೆಂಟ್ ಗೇಟಲ್ಲಿ ನಿಂತು, ಊರಿಗೆ ವಾಪಸ್ ಬಂದು ಮೂರೇ ತಿಂಗಳಿಗೆ ತೀರಿಕೊಂಡ್ರು. ಆ ಗೇಟಿನೊಳಗಿನ ಗೋಡೆಗಳಲ್ಲಿ ಯಾವ ಹೊಳೆ ಮರಳಿತ್ತೋ. ನಾನು ಆ ಕೆಲಸ ಬಿಟ್ಟದ್ದಕ್ಕೆ ಸಂಬಳ ಕಮ್ಮಿ ಅಂತ ಎಲ್ಲರಿಗೂ ಹೇಳಿದೀನಿ. ಅದು ಅರ್ಧ ನಿಜ.

ಆಮೇಲೆ 2022. ಆ ಮಳೆಗಾಲ ನೆನಪಿದೆಯಲ್ಲ, ಬಯಲುಸೀಮೆಯ ಕೆರೆಗಳೆಲ್ಲ ಕೋಡಿ ಬಿದ್ದವು. ಜಯಮಂಗಲಿ ದಡ ಮೀರಿ ಹರಿದಳು. ಅಮ್ಮನನ್ನ ಕರ್ಕೊಂಡು ಹೋಗಿ ತೋರಿಸಿದೆ. ಅಮ್ಮ ಸೇತುವೆ ಮೇಲೆ ನಿಂತು ಅರಿಶಿನ ಕುಂಕುಮ ಬಿಟ್ಟು, ಬಳೆ ಹಾಕಿ, ಕಣ್ಣಲ್ಲಿ ನೀರು ಹಾಕಿಕೊಂಡ್ರು. ಕೆಂಪಗೆ, ನೊರೆ ಎದ್ದು, ಬುಡಮೇಲಾದ ಜಾಲಿ ಮರಗಳನ್ನ ಎಳ್ಕೊಂಡು ಹೋಗ್ತಿತ್ತು. ಊರಿನವರಿಗೆಲ್ಲ ಹಬ್ಬ. ನನಗೆ ಮಾತ್ರ ಅದರ ವೇಗ ನೋಡಿ ಹೆದರಿಕೆ ಆಯ್ತು. ತಾತನ ಕಾಲದಲ್ಲಿ ಪ್ರವಾಹ ಮರಳಿನ ಮೇಲೆ ಹರಡಿ, ಕುಡಿಸಿ, ಆಮೇಲೆ ಮುಂದೆ ಹೋಗ್ತಿತ್ತು. ಈಗ ಗುಂಡಿಬಿದ್ದ ಜೇಡಿ ತಳದ ಮೇಲೆ ಜಾರುಬಂಡೆ ಹಾಗೆ ಓಡ್ತಿತ್ತು. ಬೇಸಿಗೆ ಹೊತ್ತಿಗೆ ಹೊಳೆಯಲ್ಲಿ ಮತ್ತೆ ಜಾಲಿ ಚಿಗುರಿತ್ತು. ಆದರೂ ಒಂದು ಒಳ್ಳೇದಾಯ್ತು. ಊರ ಮೇಲಿರೋ ಚೆಕ್ ಡ್ಯಾಮಿನ ಹಿಂದೆ ಮೊಣಕಾಲೆತ್ತರ ಹೊಸ ಮರಳು ಬಂದು ಕೂತಿತ್ತು.

ಆ ಮಳೆ ನೋಡಿಯೇ ಮಾವನ ಮಗ ಮುನ್ನೂರು ಅಡಿಕೆ ಸಸಿ ಹಾಕಿದ್ದು. ಅವಕ್ಕೇ ಈಗ ನೀರು ಬೇಕಿರೋದು. ಮೂರು ವರ್ಷದ ಗಿಡ ಕಣ್ಣೆದುರಿಗೆ ಒಣಗೋದನ್ನ ನೋಡ್ಕೊಂಡು ಹೇಗಿರ್ತಾನೆ?

ಹೋದೆ. ಹೊಲದಲ್ಲಿ ಆ ಹಳೇ ಬೋರಿನ ಕೇಸಿಂಗ್ ಪೈಪು ಇನ್ನೂ ಇದೆ. ಬಾಯಿಗೆ ಚಪ್ಪಡಿ ಕಲ್ಲು ಮುಚ್ಚಿದಾರೆ, ಅದರ ಮೇಲೆ ಕೂತು ಮಾತಾಡಿದ್ವಿ. ಅವನ ಎಂಟು ವರ್ಷದ ಮಗಳು ಎಳನೀರು ತಂದುಕೊಟ್ಟಳು. ನಕ್ಕಾಗ ನೋಡಿದೆ, ಹಲ್ಲಿನ ಮೇಲೆ ಕಂದು ಗೆರೆಗಳು. ಫ್ಲೋರೈಡ್. ಗ್ರಾನೈಟಿನ ಕೆಲವು ಹರಳುಗಳಲ್ಲೇ ಅದು ಇರುತ್ತೆ. ನೀರು ಕಲ್ಲಿನೊಳಗೆ ಹೆಚ್ಚು ಕಾಲ ಕೂತಷ್ಟೂ ಅದನ್ನ ಕರಗಿಸಿಕೊಳ್ಳುತ್ತೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಕುಡಿಯೋಕೆ ಆಗಲ್ಲ. ಪಾವಗಡದ ಕಡೆ ಇದರಿಂದ ಬೆನ್ನು ಬಾಗಿದವರನ್ನ ನೋಡಿದೀನಿ. ಈಗ ಊರಲ್ಲಿ ಶುದ್ಧ ನೀರಿನ ಘಟಕ ಇದೆ, ಐದು ರೂಪಾಯಿ ನಾಣ್ಯ ಹಾಕಿದರೆ ಒಂದು ಕ್ಯಾನ್. ಅದು ಬರೋಕೆ ಮುಂಚೆ, ಅದು ಕೆಟ್ಟು ನಿಂತಾಗ, ಇವಳು ಕುಡಿದದ್ದು ಊರಿನ ಆಳದ ಬೋರಿನ ನೀರು. ತಾತ ಮರಳಲ್ಲಿ ತೋಡಿಕೊಟ್ಟದ್ದು ಹಿಂದಿನ ಅಕ್ಟೋಬರಿನ ಮಳೆ. ಸಾವಿರದಿನ್ನೂರು ಅಡಿಯಲ್ಲಿ ಸಿಕ್ಕರೆ ಸಿಗೋದು ಯಾವ ಕಾಲದ ಮಳೆಯೋ. ಅದನ್ನ ಒಂದ್ಸಲ ಎತ್ತಿದರೆ ಅಷ್ಟು ಬೇಗ ವಾಪಸ್ ತುಂಬಲ್ಲ.

ಇದನ್ನೆಲ್ಲ ಅವನಿಗೆ ಹೇಳಿದೆ. ಕೊನೆಗೆ, "ನಾನು ಪಾಯಿಂಟ್ ಕೊಡಲ್ಲ ಕಣೋ" ಅಂದೆ.

"ನೀವು ಕೊಡದಿದ್ರೆ ಕಾಯಿ ಹಿಡಿಯೋನು ಕೊಡ್ತಾನೆ ಭಾವ" ಅಂದ. ಕೋಪದಿಂದಲ್ಲ, ಸುಮ್ಮನೆ ಇರೋ ವಿಷಯ ಹೇಳೋ ಹಾಗೆ. "ಅಡಿಕೆ ಹಾಕ್ಬೇಡ ಅಂತ ಆಗ ಯಾಕೆ ಹೇಳ್ಲಿಲ್ಲ?"

ಹೇಳಿರಲಿಲ್ಲ. ಸಸಿ ಹಾಕಿದ ಫೋಟೋ ಕಳಿಸಿದ್ದ, ನಾನು ಹೆಬ್ಬೆರಳು ಎತ್ತಿ ವಾಟ್ಸಾಪ್ ಮಾಡಿದ್ದೆ.

ಸಂಜೆ ಇಬ್ಬರೂ ಹೊಳೆಗೆ ಹೋದ್ವಿ. ಚೆಕ್ ಡ್ಯಾಮಿನ ಹಿಂದಿನ ಆ ಮರಳಲ್ಲಿ ಗುಂಡಿ ತೋಡಿದೆ. ಮೊಣಕೈ ಆಳಕ್ಕೆ ತಣ್ಣಗಾಯ್ತು. ತೋಳಿನ ಆಳಕ್ಕೆ ತಳದ ಜೇಡಿ ಸಿಕ್ತು, ನೀರು ಸಿಗಲಿಲ್ಲ, ಆದರೆ ಮರಳು ಹಿಂಡಿದರೆ ಅಂಗೈ ಒದ್ದೆ ಆಗ್ತಿತ್ತು. ಅಲ್ಲಿಂದ ದಡದ ಮೇಲಿರೋ ತಾತನ ಕಪಿಲೆ ಬಾವಿ ಇನ್ನೂರು ಹೆಜ್ಜೆ. ಅದರೊಳಗೆ ಲಂಟಾನ, ಪ್ಲಾಸ್ಟಿಕ್, ಯಾರೋ ಎಸೆದ ಸ್ಕೂಟರ್ ಟೈರು. 2022ರ ನಂತರ ಒಂದು ವರ್ಷ ಅದರಲ್ಲಿ ನೀರು ನಿಂತಿತ್ತಂತೆ. ಬೋರಿಗೆ ನಾನು ಹಾಕಬೇಕಾಗಿದ್ದ ಪಾಲಿನ ದುಡ್ಡಲ್ಲಿ ಅದರ ಹೂಳು ತೆಗೆಸೋಣ ಅಂತ ಮಾತಾಡಿಕೊಂಡ್ವಿ. ಅವನು ಒಪ್ಪಿದ್ದು ನನ್ನ ಮೇಲಿನ ಮರ್ಯಾದೆಗೆ, ನಂಬಿಕೆಯಿಂದಲ್ಲ.

ಮೇ ತಿಂಗಳಲ್ಲಿ ಆರು ದಿನ ಕೆಲಸ ಆಯ್ತು. ನಾನು ಕೊನೆ ಎರಡು ದಿನ ಹೋಗಿದ್ದೆ. ಮೂವತ್ತೆರಡು ಅಡಿಯಲ್ಲಿ ಹಳೇ ಕಲ್ಲುಕಟ್ಟಡ ಮುಗಿದು ಗರಸು ಶುರು ಆಯ್ತು. ಹೊಳೆ ಕಡೆ ಗೋಡೆಯಲ್ಲಿ ಒಂದು ಕಡೆ ಕಪ್ಪಗೆ ಒದ್ದೆ. ಅತ್ತೆ ಬಗ್ಗಿ ನೋಡಿ, "ಊಟೆ ಅಲ್ಲೇ ಇದ್ದದ್ದು, ನಿಮ್ಮ ತಾತ ಅಲ್ಲೇ ಗುದ್ದಲಿ ಇಡ್ತಿದ್ರು" ಅಂದ್ರು. ಮೂವತ್ತೆಂಟು ಅಡಿಗೆ ನಿಲ್ಲಿಸಿದ್ವಿ. ಬೆಳಿಗ್ಗೆ ಎದ್ದು ನೋಡಿದರೆ ಮೊಣಕಾಲುದ್ದ ನೀರು. ಮುನ್ನೂರು ಅಡಿಕೆಗೆ ಸಾಲೋ ನೀರಲ್ಲ ಅದು. ಎರಡು ಹಸು, ನೂರು ಗಿಡಕ್ಕೆ ಹನಿ ಹನಿಯಾಗಿ ಬಿಟ್ಟರೆ ಆದೀತೇನೋ. ಅದೂ ಈ ವರ್ಷ ಹೊಳೆ ಬಂದರೆ. ಹಳೇ ಬೋರಿನ ಸುತ್ತ ಗುಂಡಿ ತೆಗೆದು, ಜಲ್ಲಿ ತುಂಬಿಸಿ, ಹೊಲದ ಮಳೆನೀರು ಅದಕ್ಕೆ ಇಳಿಯೋ ಹಾಗೆ ಮಾಡಿದ್ವಿ. ಅಲ್ಲಿ ಬಿರುಕೇ ಇಲ್ಲದ ಮೇಲೆ ಎಷ್ಟು ಇಳಿಯುತ್ತೋ, ನನಗೇ ಅನುಮಾನ. ಸುಮ್ಮನಿರೋಕಾಗಲಿಲ್ಲ, ಮಾಡಿದ್ವಿ.

ಅತ್ತೆ ಒಂದು ಚೊಂಬು ನೀರು ಸೇದಿಸಿ ಬಾಯಿಗೆ ಹಾಕಿಕೊಂಡು ಮುಕ್ಕಳಿಸಿದ್ರು. ಇನ್ನೊಂದು ಗುಟುಕು ಕುಡಿದ್ರು. "ಸಪ್ಪೆ ಇದೆ. ಹೊಳೆ ನೀರೇ" ಅಂದ್ರು.

ಮೊನ್ನೆ ಅವನು ಮತ್ತೆ ಫೋನ್ ಮಾಡಿದ್ದ. ಬಾವಿಯಲ್ಲಿ ನೀರು ಒಂದಡಿ ಏರಿದೆಯಂತೆ. ಲಾರಿಯವನು ಅಡ್ವಾನ್ಸ್ ವಾಪಸ್ ಕೊಡಲ್ಲ ಅಂದನಂತೆ, ದೀಪಾವಳಿವರೆಗೆ ಬೇಕಾದ್ರೆ ಕಾಯ್ತೀನಿ ಅಂದಿದಾನಂತೆ. "ಏನ್ ಮಾಡ್ಲಿ ಭಾವ?"

"ಕಾಯೋದಕ್ಕೆ ಹೇಳು" ಅಂದೆ.